ಕಾಫಿ ಸಿಪ್ಪೆಯಿಂದ ಜಲಜನಕ: ಆಸೆ ಎಷ್ಟು, ಲೆಕ್ಕ ಎಷ್ಟು?

ಕಳೆದ ಕೊಯ್ಲಿನ ಕೊನೆಯಲ್ಲಿ, ಕಣದಲ್ಲಿ ಇನ್ನೂ ಪಾರ್ಚ್‌ಮೆಂಟ್ ಹರಡಿದ್ದ ದಿನಗಳಲ್ಲಿ, ಇಬ್ಬರು ಯುವಕರು ನಮ್ಮ ಸಂಘದ ಕಛೇರಿಗೆ ಬಂದಿದ್ದರು. ತಾವು ಒಂದು ಖಾಸಗಿ ಕಂಪನಿಯ ಪ್ರತಿನಿಧಿಗಳೆಂದು ಹೇಳಿಕೊಂಡರು. ಸದಸ್ಯರ ತೋಟಗಳಿಂದ ಪಲ್ಪರ್ ಸಿಪ್ಪೆ ಮತ್ತು ಹಣ್ಣು ತೊಳೆದ ನೀರನ್ನು ಒಂದೆಡೆ ಸೇರಿಸಿ, ಮುಚ್ಚಿದ ತೊಟ್ಟಿಯಲ್ಲಿ 70 ಡಿಗ್ರಿ ಬಿಸಿಯಲ್ಲಿಟ್ಟು, ಶಾಖವನ್ನೇ ಬಯಸುವ ಸೂಕ್ಷ್ಮಜೀವಿಗಳಿಂದ ಜಲಜನಕವೆಂಬ ಅನಿಲವನ್ನು ತಯಾರಿಸುವ ಯೋಜನೆ ಅವರದು. ಸಂಘವು ಪಾಲುಬಂಡವಾಳ ಹಾಕಬೇಕು. ಬದಲಿಗೆ ಬೆಳೆಗಾರರಿಗೆ ಇಂಧನವೂ ಸಿಗುತ್ತದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಕಾಟವೂ ತಪ್ಪುತ್ತದೆ ಎಂದು ಆಶ್ವಾಸನೆ ಕೊಟ್ಟು ಹೋದರು.

ಅಂದಿನಿಂದ ಅನೇಕ ಸದಸ್ಯರು ಈ ವಿಚಾರ ಕೇಳುತ್ತಿದ್ದಾರೆ. ಮಹಾಸಭೆಯಲ್ಲಿ ಇದು ಚರ್ಚೆಗೆ ಬರಲಿದೆ. ಕೈ ಎತ್ತುವ ಮೊದಲು ವಿಷಯ ತಿಳಿದಿರುವುದು ಒಳ್ಳೆಯದು. ನಾವು ಓದಿ, ತಿಳಿದವರನ್ನು ಕೇಳಿ, ಕಾಗದ ಪೆನ್ಸಿಲು ಹಿಡಿದು ಮಾಡಿದ ಲೆಕ್ಕವನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

ನಮ್ಮದೇ ಹಳ್ಳದ ಕಥೆ

ಮೊದಲು ಒಂದು ತಪ್ಪೊಪ್ಪಿಗೆ. ಮೂರು ವರ್ಷದ ಹಿಂದೆ ಡಿಸೆಂಬರಿನಲ್ಲಿ ನಮ್ಮ ತೋಟದ ಪಲ್ಪರ್ ಗುಂಡಿಯ ಏರಿ ಒಂದು ರಾತ್ರಿ ಒಡೆದುಹೋಯಿತು. ಏಡಿ ಬಿಲ ತೋಡಿತ್ತೋ, ನಾವೇ ಮಣ್ಣು ಸರಿಯಾಗಿ ಬಡಿಸಿರಲಿಲ್ಲವೋ, ಬೆಳಗಾಗುವುದರೊಳಗೆ ವಾರದ ನೀರೆಲ್ಲ ಹಳ್ಳ ಸೇರಿತ್ತು. ಎರಡು ದಿನಕ್ಕೆ ಹಳ್ಳ ಕಪ್ಪಗಾಗಿ ನಾತ ಹೊಡೆಯಿತು. ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಕೆಳಗಿನ ಗದ್ದೆಯ ಹಿರಿಯರೊಬ್ಬರು ನಮ್ಮ ಮನೆಯ ಜಗಲಿಗೆ ಬಂದರು. ಕೊಟ್ಟ ಕಾಫಿಯನ್ನು ಮುಟ್ಟಲಿಲ್ಲ. "ಸೆಕ್ರೆಟ್ರಿಗಳೇ, ನಿಮ್ಮ ಕಾಫಿ ನಿಮಗಿರಲಿ. ನಮ್ಮ ದನ ಕುಡಿಯೋ ನೀರು ನಮಗೆ ಬಿಟ್ಟುಕೊಡಿ" ಎಂದಷ್ಟೇ ಹೇಳಿ ಎದ್ದು ಹೋದರು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಆದುದರಿಂದ ಆ ಯುವಕರ ಮಾತಿಗೆ ಮೊದಲು ಮರುಳಾದವರು ನಾವೇ ಎಂದು ಹೇಳಬೇಕು. ಸಂಘದ ಮುಂದಿನ ವರ್ಷದ ಅಂದಾಜು ಪಟ್ಟಿಯಲ್ಲಿ ಪಾಲುಬಂಡವಾಳದ ಒಂದು ಸಾಲನ್ನೂ ಪೆನ್ಸಿಲಿನಲ್ಲಿ ಬರೆದಿದ್ದೆವು.

ಹಳ್ಳ ಕೆಡುವುದು ಏಕೆ? ನೂರು ಕಿಲೋ ಹಣ್ಣು ಪಲ್ಪ್ ಮಾಡಿದರೆ ಸುಮಾರು ನಲವತ್ತು ಕಿಲೋ ಸಿಪ್ಪೆ ಬೀಳುತ್ತದೆ. ಕಾಳಿಗಂಟಿದ ಲೋಳೆ ತೊಳೆದ ನೀರಿನಲ್ಲಿ ಹೋಗುತ್ತದೆ. ಎರಡರಲ್ಲಿಯೂ ಸಕ್ಕರೆ ಮತ್ತು ಪೆಕ್ಟಿನ್ ಇವೆ. ಇವು ಹಳ್ಳ ಸೇರಿದರೆ ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಹಬ್ಬದೂಟಕ್ಕೆ ಕುಳಿತಂತೆ ತಿಂದು ಬೆಳೆಯುತ್ತವೆ. ತಿನ್ನುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಮುಗಿಸಿಬಿಡುತ್ತವೆ. ಮೀನು ಸಾಯುವುದು ವಿಷದಿಂದಲ್ಲ, ಉಸಿರು ಕಟ್ಟಿ. ಅಂದರೆ ನಾವು ಹಳ್ಳಕ್ಕೆ ಬಿಡುತ್ತಿರುವುದು ಒಂದು ಬಗೆಯ ಇಂಧನವೇ. ಅದನ್ನು ಹಳ್ಳದಲ್ಲಿ ಉರಿಸುವ ಬದಲು ಒಲೆಯಲ್ಲಿ ಉರಿಸಲು ಸಾಧ್ಯವೇ ಎಂಬುದೇ ಪ್ರಶ್ನೆ.

ಬಿಸಿಯಲ್ಲಿ ಬಾಳುವ ಜೀವಿಗಳು

ಗೊಬ್ಬರದ ಗುಂಡಿಗೆ ಹಸಿಸೊಪ್ಪು, ಸಗಣಿ, ಸಿಪ್ಪೆ ಹಾಕಿ ನಾಲ್ಕು ದಿನ ಬಿಟ್ಟು ಚಳಿಯ ಬೆಳಗಿನಲ್ಲಿ ಕೆದಕಿ ನೋಡಿ. ಹೊಗೆಯಂತೆ ಹಬೆ ಏಳುತ್ತದೆ, ಒಳಗೆ ಕೈಯಿಡಲಾಗುವುದಿಲ್ಲ. ಆ ಶಾಖ 60 ಡಿಗ್ರಿ ಸೆಂಟಿಗ್ರೇಡನ್ನೂ ದಾಟುವುದುಂಟು. ಆ ಬಿಸಿಯಲ್ಲಿಯೂ ಸಾಯದೆ ಕೆಲಸ ಮಾಡುವ ಸೂಕ್ಷ್ಮಜೀವಿಗಳಿವೆ. ಆದುದರಿಂದ ಇದು ನಮಗೆ ತೀರ ಹೊಸ ಸಂಗತಿಯಲ್ಲ.

ಇನ್ನೂ ಹೆಚ್ಚಿನ ಬಿಸಿಯಲ್ಲಿ ಬಾಳುವ ಜೀವಿಗಳನ್ನು ವಿಜ್ಞಾನಿಗಳು ಬಿಸಿನೀರಿನ ಬುಗ್ಗೆಗಳಲ್ಲಿ ಕಂಡರು. ಅಮೆರಿಕದ ಥಾಮಸ್ ಬ್ರಾಕ್ ಎಂಬುವರು ಯೆಲ್ಲೋಸ್ಟೋನ್ ಪ್ರದೇಶದ ಬಿಸಿಬುಗ್ಗೆಗಳಲ್ಲಿ ಸಿಕ್ಕಿದ ಒಂದು ಜೀವಿಯನ್ನು 1969ರಲ್ಲಿ ಲೋಕಕ್ಕೆ ಪರಿಚಯಿಸಿದರು. ಅದರಿಂದ ಪಡೆದ ಕಿಣ್ವವೇ ಮುಂದೆ ಪಿಸಿಆರ್ ಪರೀಕ್ಷೆಗೆ ಆಧಾರವಾಯಿತು. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡ ನಾವೆಲ್ಲರೂ ಆ ಜೀವಿಗೆ ಋಣಿಗಳು. 1986ರಲ್ಲಿ ಇಟಲಿಯ ವುಲ್ಕಾನೋ ದ್ವೀಪದ ಬಿಸಿ ಕಡಲತಳದಿಂದ ಥರ್ಮೋಟೋಗ ಮ್ಯಾರಿಟಿಮ ಎಂಬ ಜೀವಿಯನ್ನು ವರ್ಣಿಸಲಾಯಿತು. ಅದಕ್ಕೆ 80 ಡಿಗ್ರಿಯೇ ಹಿತ. ನ್ಯೂಜಿಲೆಂಡಿನ ಬಿಸಿಬುಗ್ಗೆಯೊಂದರಿಂದ ಬಂದ ಇನ್ನೊಂದಕ್ಕೆ ಕಾಲ್ಡಿಸೆಲ್ಯುಲೋಸಿರಪ್ಟರ್ ಎಂದು ನಾಲಿಗೆ ಹೊರಳದ ಹೆಸರು. ಅದು 70 ಡಿಗ್ರಿಯಲ್ಲಿ ಸಕ್ಕರೆಯನ್ನಲ್ಲದೆ ಸೊಪ್ಪು ಸದೆಯ ನಾರನ್ನೂ ಕರಗಿಸಿ ತಿನ್ನಬಲ್ಲದು.

ಈ ಜೀವಿಗಳು ಗಾಳಿಯಿಲ್ಲದ ಕಡೆ ಸಕ್ಕರೆ ತಿಂದು ಜಲಜನಕ, ಇಂಗಾಲದ ಡೈಆಕ್ಸೈಡ್ ಮತ್ತು ಅಸಿಟಿಕ್ ಆಮ್ಲ, ಎಂದರೆ ವಿನಿಗರಿನ ಹುಳಿಯನ್ನು, ಹೊರಬಿಡುತ್ತವೆ. ಒಂದು ಅಣು ಗ್ಲೂಕೋಸಿಗೆ ಹೆಚ್ಚೆಂದರೆ ನಾಲ್ಕು ಅಣು ಜಲಜನಕ. ಸಾಧಾರಣ ಬೆಚ್ಚಗೆಯಲ್ಲಿ ಬದುಕುವ ಜೀವಿಗಳು ಬಹುಮಟ್ಟಿಗೆ ಎರಡರ ಆಸುಪಾಸಿನಲ್ಲಿಯೇ ನಿಲ್ಲುತ್ತವೆ. ಶಾಖಪ್ರಿಯರು ಮೂರನ್ನು ದಾಟಿ ನಾಲ್ಕರ ಹತ್ತಿರಕ್ಕೆ ಹೋಗಬಲ್ಲವು. ಬಿಸಿಯಲ್ಲಿ ಇನ್ನೊಂದು ಅನುಕೂಲವೂ ಇದೆ. ಹುಟ್ಟಿದ ಜಲಜನಕವನ್ನು ಅಲ್ಲಿಯೇ ತಿಂದುಹಾಕುವ ಬೇರೆ ಜೀವಿಗಳಲ್ಲಿ ಹೆಚ್ಚಿನವು ಆ ಬಿಸಿಗೆ ಉಳಿಯುವುದಿಲ್ಲ.

ಇಷ್ಟರ ಮಟ್ಟಿಗೆ ಆ ಯುವಕರು ಹೇಳಿದ್ದು ಸುಳ್ಳಲ್ಲ. ಇದು ನಿಜವಾದ ವಿಜ್ಞಾನ.

ಈಗ ಲೆಕ್ಕಕ್ಕೆ ಬರೋಣ

ಐದು ಟನ್ ಹಣ್ಣು ಕುಯ್ಯುವ ಒಬ್ಬ ಸಣ್ಣ ಬೆಳೆಗಾರರನ್ನು ತೆಗೆದುಕೊಳ್ಳೋಣ. ಅವರಿಗೆ ಎರಡು ಟನ್ ಸಿಪ್ಪೆ ಬರುತ್ತದೆ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ನೀರೆಂದು ಹಿಡಿದರೆ ಒಣ ಲೆಕ್ಕಕ್ಕೆ ಉಳಿಯುವುದು 400 ಕಿಲೋ. ಅದರ ಎಂಟನೆಯ ಒಂದು ಪಾಲು ಸುಲಭವಾಗಿ ಸಿಗುವ ಸಕ್ಕರೆಯೆಂದು ಹಿಡಿಯೋಣ. 50 ಕಿಲೋ ಆಯಿತು.

ಒಂದು ಕಿಲೋ ಗ್ಲೂಕೋಸಿನಿಂದ, ಪುಸ್ತಕದಲ್ಲಿರುವಷ್ಟೂ ಬಂದರೆ, 44 ಗ್ರಾಂ ಜಲಜನಕ. 50 ಕಿಲೋಗೆ 2.2 ಕಿಲೋ. ಜಲಜನಕ ಹಗುರ, ಆದರೆ ಶಾಖದಲ್ಲಿ ಬಲಶಾಲಿ. ಕಿಲೋ ಒಂದಕ್ಕೆ ಸುಮಾರು 28,600 ಕಿಲೋ ಕ್ಯಾಲೊರಿ. ಹೀಗೆ ಇಡೀ ಕೊಯ್ಲಿಗೆ 63,000 ಕಿಲೋ ಕ್ಯಾಲೊರಿ ಶಾಖ. ನಮ್ಮ ಅಡಿಗೆಮನೆಯ 14.2 ಕಿಲೋ ಗ್ಯಾಸ್ ಸಿಲಿಂಡರಿನಲ್ಲಿ ಸುಮಾರು 1,56,000 ಇರುತ್ತದೆ. ಅಂದರೆ ವರ್ಷವಿಡೀ ಕುಯ್ದ ಹಣ್ಣಿನ ಸಿಪ್ಪೆಯಿಂದ ಅರ್ಧ ಸಿಲಿಂಡರೂ ಆಗಲಿಲ್ಲ.

ಅದು ಇರಲಿ. ಖರ್ಚಿನ ಕಡೆ ನೋಡೋಣ. ಸಿಪ್ಪೆಯನ್ನು ಹಾಗೆಯೇ ತೊಟ್ಟಿಗೆ ತುಂಬಲಾಗುವುದಿಲ್ಲ. ಅಷ್ಟೇ ನೀರು ಬೆರೆಸಿ ಕದಡಬೇಕು ಎಂದಿಟ್ಟುಕೊಳ್ಳೋಣ. ಒಟ್ಟು ನಾಲ್ಕು ಟನ್. ನಮ್ಮ ಚಳಿಗಾಲದ 22 ಡಿಗ್ರಿಯಿಂದ 70 ಡಿಗ್ರಿಗೆ ಏರಿಸಬೇಕು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಕಾಯಿಸಲು ಒಂದು ಕಿಲೋ ಕ್ಯಾಲೊರಿ ಬೇಕು. 4,000 ಲೀಟರನ್ನು 48 ಡಿಗ್ರಿ ಕಾಯಿಸಲು 1,92,000. ಹುಟ್ಟುವ ಜಲಜನಕದ ಮೂರರಷ್ಟು! ಎಮ್ಮೆಯ ಹಾಲಿಗಿಂತ ಹಿಂಡಿಯ ಖರ್ಚೇ ಹೆಚ್ಚಾದಂತೆ ಆಯಿತು.

ತೊಳೆದ ನೀರಿನದು ಇನ್ನೂ ಕಷ್ಟ. ಲೀಟರಿಗೆ 10 ಗ್ರಾಂ ಸಕ್ಕರೆಯಿದ್ದರೆ ಅದರಿಂದ ಹೆಚ್ಚೆಂದರೆ 13 ಕಿಲೋ ಕ್ಯಾಲೊರಿಯ ಜಲಜನಕ. ಆ ಲೀಟರನ್ನು ಕಾಯಿಸಲು ಬೇಕಾದದ್ದು 48. ಲೀಟರಿಗೆ 40 ಗ್ರಾಂ ಸಕ್ಕರೆ ಇದ್ದರೂ ಲಾಭ ನಷ್ಟ ಸರಿಸಮ ಮಾತ್ರ.

ಹೊರಹೋಗುವ ಬಿಸಿನೀರಿನಿಂದಲೇ ಒಳಬರುವ ತಣ್ಣೀರನ್ನು ಕಾಯಿಸಿ ಶಾಖ ಉಳಿಸಬಹುದಲ್ಲ ಎಂದು ತಿಳಿದವರು ಕೇಳಬಹುದು. ನಿಜ. ದೊಡ್ಡ ಕಾರ್ಖಾನೆಯಲ್ಲಿ ಅದಕ್ಕೆ ಉಪಕರಣಗಳಿವೆ. ಸಿಪ್ಪೆ ಕದಡಿದ ಗಂಜಿಯನ್ನು ಅಂತಹ ಕೊಳವೆಗಳಲ್ಲಿ ಹಾಯಿಸಿ, ಕಟ್ಟಿಕೊಂಡಾಗ ಬಿಡಿಸುತ್ತ, ವರ್ಷಕ್ಕೆ ಎರಡು ಮೂರು ತಿಂಗಳು ಮಾತ್ರ ನಡೆಸಿ, ಉಳಿದ ಒಂಬತ್ತು ತಿಂಗಳು ಬಾಗಿಲು ಹಾಕುವ ಘಟಕಕ್ಕೆ ಅದು ಗಿಟ್ಟುವುದೇ ಎಂಬುದನ್ನು ಸದಸ್ಯರೇ ಆಲೋಚಿಸಬೇಕು.

ಹಳ್ಳಕ್ಕೆ ಏನಾಯಿತು?

ಈ ಲೆಕ್ಕಕ್ಕಿಂತ ನಮ್ಮನ್ನು ಹೆಚ್ಚು ಬೆಚ್ಚಿಸಿದ್ದು ಬೇರೊಂದು. ಜಲಜನಕ ತೆಗೆದ ಮೇಲೆ ತೊಟ್ಟಿಯಲ್ಲಿ ಉಳಿಯುವುದು ಶುದ್ಧ ನೀರಲ್ಲ. 50 ಕಿಲೋ ಸಕ್ಕರೆಗೆ 33 ಕಿಲೋ ಅಸಿಟಿಕ್ ಆಮ್ಲ ಹಾಗೆಯೇ ಉಳಿಯುತ್ತದೆ. ಎಲ್ಲವೂ ಪುಸ್ತಕದಂತೆ ನಡೆದರೂ ಆ ಸಕ್ಕರೆ ಹಳ್ಳದಲ್ಲಿ ಕುಡಿಯಬಹುದಾಗಿದ್ದ ಆಮ್ಲಜನಕದಲ್ಲಿ ಮೂರನೆಯ ಒಂದು ಪಾಲು ಮಾತ್ರ ಕಡಿಮೆಯಾಯಿತು. ಮೂರನೆಯ ಎರಡು ಪಾಲು ಇನ್ನೂ ಬಾಕಿ. ಆ ನೀರನ್ನು ಹಳ್ಳಕ್ಕೆ ಬಿಟ್ಟರೆ ಮೀನು ಮತ್ತೆ ಸಾಯುತ್ತದೆ, ಕೆಳಗಿನ ಗದ್ದೆಯ ಹಿರಿಯರು ಮತ್ತೆ ನಮ್ಮ ಜಗಲಿಗೆ ಬರುತ್ತಾರೆ. ಮಂಡಳಿಯ ಕಾಟ ತಪ್ಪುತ್ತದೆ ಎಂಬ ಮಾತು ಇಲ್ಲಿ ನಿಲ್ಲಲಿಲ್ಲ. ಆ ಹುಳಿನೀರನ್ನು ಶುದ್ಧಮಾಡಲು ಮತ್ತೊಂದು ತೊಟ್ಟಿ ಬೇಕೇ ಬೇಕು.

ಆ ಮತ್ತೊಂದು ತೊಟ್ಟಿ ಯಾವುದೆಂದು ನಮಗೆಲ್ಲ ಗೊತ್ತು: ಗೋಬರ್ ಗ್ಯಾಸ್. ಅದರೊಳಗಿನ ಜೀವಿಗಳು ಹುಳಿಯನ್ನು ತಿಂದು ಮೀಥೇನ್ ಅನಿಲ ಕೊಡುತ್ತವೆ. ಜಲಜನಕದ ಗೊಡವೆಯೇ ಇಲ್ಲದೆ ಅದೇ 50 ಕಿಲೋ ಸಕ್ಕರೆಯನ್ನು ನೇರವಾಗಿ ಮೀಥೇನ್ ಮಾಡಿದರೆ ಪುಸ್ತಕದ ಲೆಕ್ಕಕ್ಕೆ 13 ಕಿಲೋ ಚಿಲ್ಲರೆ ಬರುತ್ತದೆ. ಶಾಖ ಸುಮಾರು 1,59,000 ಕಿಲೋ ಕ್ಯಾಲೊರಿ, ಎಂದರೆ ಒಂದು ಪೂರ್ತಿ ಸಿಲಿಂಡರ್. ಮೊದಲು ಜಲಜನಕ, ನಂತರ ಮೀಥೇನ್ ಎಂದು ಎರಡು ಹಂತ ಮಾಡಿದರೆ ಒಟ್ಟು 1,70,000 ಆಗಬಹುದು. ಇಷ್ಟೆಲ್ಲ ಉಪದ್ವ್ಯಾಪಕ್ಕೆ ನೂರಕ್ಕೆ ಏಳರಷ್ಟು ಲಾಭ. ಅದರಲ್ಲಿ ಕಾಯಿಸುವ ಖರ್ಚು ಕಳೆದಿಲ್ಲ. ಗೋಬರ್ ಗ್ಯಾಸಿಗೆ ನಮ್ಮ ಮಣ್ಣಿನ ಬೆಚ್ಚಗೆಯೇ ಸಾಕು.

ಸುರಕ್ಷತೆಯ ಮಾತೂ ಇದೆ. ಮೀಥೇನ್ ಗಾಳಿಯಲ್ಲಿ ನೂರಕ್ಕೆ 5ರಿಂದ 15 ಪಾಲು ಇದ್ದಾಗ ಹೊತ್ತಿಕೊಳ್ಳುತ್ತದೆ. ಜಲಜನಕ 4ರಿಂದ 75ರವರೆಗೆ ಎಲ್ಲಿದ್ದರೂ ಹೊತ್ತಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ಹಗಲಿನಲ್ಲಿ ಜ್ವಾಲೆಯೂ ಕಣ್ಣಿಗೆ ಕಾಣುವುದಿಲ್ಲ. ಕೊಟ್ಟಿಗೆಯ ಪಕ್ಕ ಇಟ್ಟುಕೊಳ್ಳುವ ವಸ್ತು ಅದಲ್ಲ.

ಹೊರಗೆ ನಡೆದಿರುವ ಕೆಲಸ

ಹಾಗೆಂದು ಈ ವಿದ್ಯೆಯನ್ನು ನಾವು ಹೀಗಳೆಯುವುದಿಲ್ಲ. ಯೂರೋಪಿನಲ್ಲಿ 2006ರಿಂದ 2010ರವರೆಗೆ ಹೈವೊಲ್ಯೂಷನ್ ಎಂಬ ದೊಡ್ಡ ಯೋಜನೆ ನಡೆಯಿತು. ಆಲೂಗೆಡ್ಡೆ ಸಿಪ್ಪೆ, ಸಕ್ಕರೆ ಬೀಟಿನ ರಸ, ಬಾರ್ಲಿ ಹುಲ್ಲು ಮುಂತಾದುವನ್ನು ಶಾಖಪ್ರಿಯ ಜೀವಿಗಳಿಗೆ ಉಣಿಸಿ ಜಲಜನಕ ತೆಗೆದರು. ಉಳಿದ ಹುಳಿಯಿಂದ ಬಿಸಿಲಿನ ನೆರವಿನಲ್ಲಿ ಇನ್ನಷ್ಟು ಜಲಜನಕ ಕೊಡುವ ಬೇರೆ ಜೀವಿಗಳನ್ನು ಎರಡನೆಯ ತೊಟ್ಟಿಯಲ್ಲಿ ಬಳಸುವ ಪ್ರಯತ್ನವೂ ಅದರಲ್ಲಿತ್ತು. ನಮ್ಮ ದೇಶದಲ್ಲಿಯೂ ಡಿಸ್ಟಿಲರಿ ನೀರಿನಿಂದ 100 ಘನ ಮೀಟರಿನ ತೊಟ್ಟಿಯಲ್ಲಿ 21 ಕಿಲೋ ಜಲಜನಕ ಪಡೆದ ವರದಿ 2008ರಲ್ಲಿ ಪ್ರಕಟವಾಗಿದೆ. ಅಲ್ಲಿ ಬಳಸಿದ್ದು ಶಾಖಪ್ರಿಯ ಜೀವಿಗಳನ್ನಲ್ಲ. ಒಂದು ಲಕ್ಷ ಲೀಟರಿನ ತೊಟ್ಟಿಗೆ 21 ಕಿಲೋ ಎಂಬುದನ್ನು ಸದಸ್ಯರು ಮನಸ್ಸಿನಲ್ಲಿಡಬೇಕು.

ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆ ಕೊಟ್ಟು 19,744 ಕೋಟಿ ರೂಪಾಯಿ ಗೊತ್ತುಪಡಿಸಿತು. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಅದರ ಗುರಿ. ಜೈವಿಕ ವಸ್ತುವಿನಿಂದ ತೆಗೆದ ಜಲಜನಕಕ್ಕೂ ಅದರಲ್ಲಿ ಸ್ಥಾನವಿದೆ. ಆದರೆ ಗೊಬ್ಬರದ ಕಾರ್ಖಾನೆ, ತೈಲ ಶುದ್ಧೀಕರಣ, ಉಕ್ಕು ಇಂತಹ ಭಾರಿ ಉದ್ಯಮಗಳೇ ಆ ಯೋಜನೆಯ ಮುಖ್ಯ ಗಿರಾಕಿಗಳು. ಅದರ ಹೆಸರು ಹೇಳಿದ ಮಾತ್ರಕ್ಕೆ ನಮ್ಮ ತೋಟದ ತೊಟ್ಟಿ ಲಾಭಕ್ಕೆ ಬರುವುದಿಲ್ಲ.

ಅಡಿಕೆ ಒಲೆಯ ಬಿಸಿ

ಅಡಿಕೆ ಬೆಳೆಗಾರ ಸದಸ್ಯರೊಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು: "ನಾವು ಅಡಿಕೆ ಬೇಯಿಸೋ ಒಲೆಯ ಬಿಸಿಯೆಲ್ಲ ಗಾಳಿಗೆ ಹೋಗ್ತದಲ್ಲ, ಅದನ್ನೇ ಕೊಟ್ಟರೆ ಆಗೋದಿಲ್ವೆ?" ಅಡಿಕೆ ಬೇಯಿಸುವ ಕಾಲವೂ ಅರೇಬಿಕಾ ಹಣ್ಣಿನ ಕಾಲವೂ ಬಹುಮಟ್ಟಿಗೆ ಒಟ್ಟಿಗೇ ಬರುತ್ತವೆ. ಪುಕ್ಕಟೆ ಬಿಸಿ ಸಿಕ್ಕಿದರೆ ಮೇಲಿನ ಲೆಕ್ಕ ಬದಲಾಗುತ್ತದೆ ಎಂಬುದನ್ನು ಒಪ್ಪಬೇಕು. ಆದರೆ ಈ ಜೀವಿಗಳಿಗೆ ಹಗಲು ರಾತ್ರಿ ಒಂದೇ ಹದದ ಬಿಸಿ ಬೇಕು. ನಮ್ಮ ಒಲೆ ಸಂಜೆ ಉರಿದು ಬೆಳಿಗ್ಗೆ ಆರುತ್ತದೆ. ಹಂಡೆಯ ಚೊಗರನ್ನು ತೊಟ್ಟಿಗೆ ಸುರಿಯುವ ಯೋಚನೆಯಂತೂ ಬೇಡ. ಅದರ ಒಗರು ಸೂಕ್ಷ್ಮಜೀವಿಗಳಿಗೆ ಆಗಿಬರುವುದಿಲ್ಲ. ಒಲೆಯ ಬಿಸಿಯನ್ನು ಉಳಿಸುವ ಆಸೆಯಿದ್ದರೆ ಮೊದಲು ಒಲೆಯನ್ನು ಸರಿಯಾಗಿ ಕಟ್ಟಿಸಿ ಸೌದೆ ಉಳಿಸುವುದೇ ಲೇಸು.

ವರ್ಷವಿಡೀ ನಡೆಯುವ, ಹಬೆಯ ಬಾಯ್ಲರು ಇರುವ, ಬಿಸಿಯಾದ ಗಟ್ಟಿ ತ್ಯಾಜ್ಯ ಹೊರಬರುವ ಕಾರ್ಖಾನೆಗಳಿಗೆ ಈ ವಿದ್ಯೆ ಮೊದಲು ಹೊಂದಬಹುದು. ಇನ್‌ಸ್ಟಂಟ್ ಕಾಫಿ, ಹಣ್ಣಿನ ರಸ, ಸಕ್ಕರೆ ಮತ್ತು ಡಿಸ್ಟಿಲರಿ ಇವೇ ಆ ಜಾಗಗಳು. ಅಲ್ಲಿ ನಡೆದು ತೋರಿಸಲಿ, ನಾವು ಹೋಗಿ ನೋಡಿ ಬರೋಣ.

ಈ ಕೊಯ್ಲಿಗೆ ನಾವು ಮಾಡಬಹುದಾದದ್ದು

ಒಂದು, ನೀರು ಕಡಿಮೆ ಮಾಡುವುದು. ಪಲ್ಪರಿನ ನೀರನ್ನು ಸೋಸಿ ಅದೇ ದಿನ ಮತ್ತೆ ಪಲ್ಪಿಂಗಿಗೆ ಬಳಸಬಹುದು. ಕೊನೆಯ ತೊಳೆತಕ್ಕೆ ಮಾತ್ರ ಹೊಸ ನೀರು. ನೀರು ಕಡಿಮೆಯಾದರೆ ಗುಂಡಿ ಚಿಕ್ಕದಾದರೂ ಸಾಕು.

ಎರಡು, ಸಿಪ್ಪೆಯನ್ನು ನೀರಿನಿಂದ ಅಂದೇ ಬೇರ್ಪಡಿಸುವುದು. ನೀರಿನಲ್ಲಿ ನೆನೆದಷ್ಟೂ ಸಕ್ಕರೆ ನೀರಿಗಿಳಿಯುತ್ತದೆ. ಸಿಪ್ಪೆಯನ್ನು ಸಗಣಿ, ತರಗು, ಮಣ್ಣಿನೊಡನೆ ಪದರ ಪದರವಾಗಿ ಹಾಕಿ, ಮಳೆ ತಾಗದಂತೆ ಮುಚ್ಚಿ, ತಿಂಗಳಿಗೊಮ್ಮೆ ತಿರುವಿ ಹಾಕಿದರೆ ಪೊಟ್ಯಾಷ್ ತುಂಬಿದ ಗೊಬ್ಬರವಾಗುತ್ತದೆ. ಅಲ್ಲಿ ಶಾಖಪ್ರಿಯ ಜೀವಿಗಳು ಸಂಬಳ ಕೇಳದೆ ದುಡಿಯುತ್ತವೆ.

ಮೂರು, ತೊಳೆದ ನೀರಿಗೆ ಸುಣ್ಣ ಬೆರೆಸಿ ಹುಳಿ ಮುರಿಯುವುದು. ಗೋಬರ್ ಗ್ಯಾಸ್ ಇರುವವರು ಹೀಗೆ ಹುಳಿ ಮುರಿದ ಗಟ್ಟಿ ನೀರನ್ನು ಸಗಣಿ ಬಗ್ಗಡದೊಡನೆ ಮೊದಲು ಒಂದೆರಡು ಕೊಡ, ದಿನ ಕಳೆದಂತೆ ಸ್ವಲ್ಪ ಹೆಚ್ಚಾಗಿ ಹಾಕಬಹುದು. ಉರಿ ಇಳಿದರೆ ಅಥವಾ ಬಗ್ಗಡ ಹುಳಿ ನಾತ ಬಂದರೆ ಕೆಲವು ದಿನ ನಿಲ್ಲಿಸಿ ಬರಿಯ ಸಗಣಿ ಹಾಕಬೇಕು. ಮಧ್ಯ ಅಮೆರಿಕದ ನಿಕರಾಗುವ, ಹೊಂಡುರಾಸ್, ಗ್ವಾಟೆಮಾಲಗಳ ಕಾಫಿ ತೋಟಗಳಲ್ಲಿ 2010ರಿಂದ ಮುಂದಕ್ಕೆ ಇಂತಹ ಅನಿಲದಿಂದ ಮನೆಯ ಒಲೆ ಉರಿಸಿ ತೋರಿಸಿದ್ದಾರೆ. ಸಗಣಿ ಅನಿಲದಲ್ಲಿ ನಮ್ಮ ನಾಡೇನೂ ಹಿಂದಿಲ್ಲ. ಬೆಂಗಳೂರಿನ ವಿಜ್ಞಾನ ಮಂದಿರದವರು ತುಮಕೂರು ಜಿಲ್ಲೆಯ ಪುರ ಗ್ರಾಮದಲ್ಲಿ 1980ರ ದಶಕದಲ್ಲಿಯೇ ಅದರಿಂದ ಎಂಜಿನ್ ನಡೆಸಿ ಊರಿಗೆ ನೀರು, ದೀಪ ಕೊಟ್ಟಿದ್ದರು.

ನಾಲ್ಕು, ಯಾವ ಕಾರಣಕ್ಕೂ ಮುಚ್ಚಿದ ತೊಟ್ಟಿಗೆ ಅಥವಾ ಹಳೆಯ ಗುಂಡಿಗೆ ಆಳನ್ನು ಇಳಿಸಬೇಡಿ, ನೀವೂ ಇಳಿಯಬೇಡಿ. ಒಳಗಿನ ಕೆಟ್ಟ ಗಾಳಿ ಎರಡು ಉಸಿರಿಗೆ ಆಳನ್ನು ಕೆಡವುತ್ತದೆ; ಎತ್ತಲು ಹೋದವನೂ ಬೀಳುತ್ತಾನೆ.

ಐದು, ಗುಂಡಿಯ ಏರಿಯನ್ನು ಕೊಯ್ಲಿಗೆ ಮೊದಲೇ ನೋಡಿಸಿಕೊಳ್ಳಿ. ಈ ಮಾತನ್ನು ಅನುಭವದಿಂದ ಹೇಳುತ್ತಿದ್ದೇವೆ.

ಮಹಾಸಭೆಗೆ ನಮ್ಮ ಸೂಚನೆ

ಅಂದಾಜು ಪಟ್ಟಿಯಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದ ಆ ಸಾಲನ್ನು ನಾವು ರಬ್ಬರಿನಿಂದ ಒರಸಿದ್ದೇವೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಸಹಕಾರ ಸಂಘಕ್ಕೆ ತಕ್ಕ ಕೆಲಸವಲ್ಲ. ಪಾಲಿನ ಹಣ ಸದಸ್ಯರ ಬೆವರು. ಆ ಕಂಪನಿಯವರಿಗೆ ಮೂರು ಪ್ರಶ್ನೆ ಬರೆದು ಕಳುಹಿಸಿದ್ದೇವೆ. ಕಾಯಿಸುವ ಶಾಖ ಎಲ್ಲಿಂದ? ಉಳಿದ ಹುಳಿನೀರು ಎಲ್ಲಿಗೆ? ಒಂಬತ್ತು ತಿಂಗಳು ತೊಟ್ಟಿಗೆ ಮೇವು ಏನು? ಉತ್ತರ ಬಂದರೆ ಅದನ್ನೂ ಇದೇ ಪತ್ರಿಕೆಯಲ್ಲಿ ಪ್ರಕಟಿಸುತ್ತೇವೆ. ಅದು ನಮ್ಮ ಲೆಕ್ಕವನ್ನು ತಪ್ಪೆಂದು ತೋರಿಸಿದರೆ ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ.

ಸದಸ್ಯರಲ್ಲಿ ಒಂದು ವಿನಂತಿ. ಈ ಬಾರಿ ಪ್ರತಿಯೊಬ್ಬರೂ ದಿನಕ್ಕೆ ಎಷ್ಟು ಹಣ್ಣು ಪಲ್ಪ್ ಮಾಡಿದಿರಿ, ಎಷ್ಟು ನೀರು ಬಿಟ್ಟಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಆ ಚೀಟಿಗಳು ಕೈಗೆ ಬಂದರೆ ನಾಲ್ಕೈದು ತೋಟಗಳಿಗೆ ಸೇರಿ ಒಂದು ಪಲ್ಪರ್, ಒಂದು ಅನಿಲದ ತೊಟ್ಟಿ ಮಾಡುವುದು ಗಿಟ್ಟುವುದೇ ಎಂದು ಲೆಕ್ಕ ಹಾಕಬಹುದು. ನಾಳೆ ಜಲಜನಕದ ಕಾಲ ನಿಜವಾಗಿ ಬಂದರೂ ಮೊದಲು ಕೇಳುವುದು ಅದೇ ಅಂಕಿಗಳನ್ನು.

ಕೆಳಗಿನ ಗದ್ದೆಯ ಆ ಹಿರಿಯರು ಕಳೆದ ಕೊಯ್ಲಿನಲ್ಲಿ ಒಂದು ಸಂಜೆ ನಮ್ಮ ಹೊಸ ಏರಿಯ ಮೇಲೆ ನಿಂತು ಗುಂಡಿಯನ್ನೂ ಹಳ್ಳವನ್ನೂ ನೋಡಿದರು. ಏನೂ ಹೇಳಲಿಲ್ಲ. ಜಗಲಿಗೆ ಬಂದು ಕುಳಿತು, ಕೊಟ್ಟ ಕಾಫಿ ಕುಡಿದು ಹೋದರು. ಪ್ರತಿಯೊಬ್ಬ ಸದಸ್ಯರ ಜಗಲಿಯಲ್ಲಿಯೂ ಹಾಗೆಯೇ ಆಗಲೆಂದು ಹಾರೈಸುತ್ತೇವೆ.